ಏಳದ ಮುಳ್ಳು

ಮುಳ್ಳು ಹನ್ನೊಂದಕ್ಕೆ ಬಂದು ನಿಂತಿತು. ದಾಕ್ಷಾಯಿಣಿ ಪರದೆಯನ್ನು ಸೆರಗಿನಿಂದ ಒಮ್ಮೆ ಒರೆಸಿ ಮತ್ತೆ ನೋಡಿದಳು. ಹನ್ನೊಂದೇ.

"ಎಷ್ಟ್ ಬಂತ್ರಿ ಅಕ್ಕೋರ?" ಹುಲಿಗೆವ್ವ ಕುರ್ಚಿಯಲ್ಲಿ ಅಲುಗಾಡದೆ ಕುಳಿತೇ ಕೇಳಿದಳು. ತಲೆಗೆ ತೊಡಿಸಿದ್ದ ತಂತಿಗಳ ಟೊಪ್ಪಿಗೆ ದೊಡ್ಡದಾಗಿ, ಹುಬ್ಬಿನವರೆಗೆ ಇಳಿದಿತ್ತು.

"ಹನ್ನೊಂದು."

"ಹೋದ ಸಲ ಹದಿನಾಕ ಇತ್ತಲ್ರಿ? ಸಲಕ್ಕೊಂದಿಷ್ಟ ದಡ್ಡಿ ಆಗಾಕತ್ತೀನಿ ನೋಡ್ರಿ." ಅವಳು ನಕ್ಕಳು. ದಾಕ್ಷಾಯಿಣಿಗೆ ನಗಲಾಗಲಿಲ್ಲ. ಅರವತ್ತು ಬಂದರೆ ಬಿಡುಗಡೆ. ಒಬ್ಬ ಕೈದಿಗೆ ಮೂರೇ ಅವಕಾಶ, ಆರು ತಿಂಗಳಿಗೊಂದು. ಹುಲಿಗೆವ್ವನಿಗೆ ಎರಡು ಮುಗಿದವು. ಮೂರನೆಯದೂ ಬಿದ್ದರೆ ಹತ್ತು ವರ್ಷ ಅರ್ಜಿಯನ್ನೇ ಹಾಕುವಂತಿಲ್ಲ.

ಮಲ್ಲಾಪುರದ ಮಹಿಳಾ ಕಾರಾಗೃಹಕ್ಕೆ ಆ ಯಂತ್ರ ಬಂದು ಎರಡೂವರೆ ವರ್ಷವಾಗಿತ್ತು. ಅದನ್ನು ಕಟ್ಟಿದ್ದು ಅಮೆರಿಕದ ಮಧ್ಯಭಾಗದ ಒಂದು ರಾಜ್ಯದಲ್ಲಿ. ತಪ್ಪು ಮಾಡಿದವನು ಆ ತಪ್ಪನ್ನು ನೆನೆದು ನಿಜವಾಗಿ ನೊಂದಾಗ, ಹಣೆಯ ಹಿಂದೆ ಮಿದುಳಿನ ಎರಡು ಜಾಗಗಳಲ್ಲಿ ಒಟ್ಟೊಟ್ಟಿಗೆ ಒಂದು ಬಗೆಯ ವಿದ್ಯುತ್ ಅಲೆ ಏಳುತ್ತದೆ. ಟೊಪ್ಪಿಗೆ ಆ ಅಲೆಯನ್ನು ಹಿಡಿದು ಅಮೆರಿಕಕ್ಕೆ ಕಳಿಸುತ್ತದೆ. ಅಲ್ಲಿನ ಕಂಪ್ಯೂಟರ್ ಅದನ್ನು ಸಾವಿರಾರು ಕೈದಿಗಳ ಅಲೆಗಳ ಜೊತೆ ಹೋಲಿಸಿ, ಹನ್ನೊಂದು ಸೆಕೆಂಡಿನಲ್ಲಿ ಅಂಕಿಯನ್ನು ವಾಪಸು ಕಳಿಸುತ್ತದೆ. ಪರದೆಯ ಮೇಲೆ ಹಳೆಯ ಕಾಲದ ಮೀಟರಿನಂತೆ ಅರ್ಧಚಂದ್ರ, ಅದರ ನಡುವೆ ಒಂದು ಮುಳ್ಳು. ಎಂಟು ವರ್ಷ ಕಳೆದ ಕೈದಿಯನ್ನು ಬಿಡಬೇಕೋ ಬೇಡವೋ ಎಂದು ಕಡತ ಓದಿ, ಮುಖ ನೋಡಿ ತೀರ್ಮಾನಿಸುತ್ತಿದ್ದ ಸಮಿತಿಯ ಜಾಗದಲ್ಲಿ ಈಗ ಈ ಮುಳ್ಳು ಕುಳಿತಿತ್ತು. ಮುಳ್ಳಿಗೆ ಜಾತಿಯಿಲ್ಲ, ಲಂಚವಿಲ್ಲ ಎಂದು ಪತ್ರಿಕೆಗಳು ಹೊಗಳಿದ್ದವು. ದಾಕ್ಷಾಯಿಣಿಯೂ ಮೊದಮೊದಲು ಹಾಗೆಯೇ ಅಂದುಕೊಂಡಿದ್ದಳು.

ಯಂತ್ರಕ್ಕೆ ಹಣ ಬಂದದ್ದು ಜೈಲಿನ ಶಾಲೆ ಮುಚ್ಚಿದ್ದರಿಂದ. ಹನ್ನೊಂದು ವರ್ಷ ಆ ಶಾಲೆಯಲ್ಲಿ ದಾಕ್ಷಾಯಿಣಿ ಹೆಂಗಸರಿಗೆ ಅಕ್ಷರ ಕಲಿಸಿದ್ದಳು. ಶಾಲೆಯೆಂದರೆ ಹೊಲಿಗೆ ಶೆಡ್ಡಿನ ಪಕ್ಕದ ಒಂದು ಕೋಣೆ, ಒಂದು ಕರಿಹಲಗೆ, ಇಪ್ಪತ್ತೆರಡು ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು. ಮುಚ್ಚುವ ಆದೇಶದಲ್ಲಿ ಅವಳಿಗೆ ಒಂದು ದಾರಿ ಬಿಟ್ಟಿದ್ದರು: ಮೂರು ವಾರದ ತರಬೇತಿ ಪಡೆದು ಯಂತ್ರದ ಆಪರೇಟರ್ ಆಗಬಹುದು. ಮನೆಯ ಸಾಲ ಇನ್ನೂ ತೀರಿರಲಿಲ್ಲ, ಆದಳು. ಅದೇ ಕೋಣೆ, ಅದೇ ಕಿಟಕಿ. ಕರಿಹಲಗೆಯ ಜಾಗದಲ್ಲಿ ಪರದೆ.

ಹುಲಿಗೆವ್ವನ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಹೊಲದಿಂದ ಬಂದ ಗಂಡ ಮಜ್ಜಿಗೆ ಕುಡಿದ, ಸಂಜೆಯೊಳಗೆ ಸತ್ತ. ಮಜ್ಜಿಗೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಇತ್ತು. ತಂಬಿಗೆ ಕೊಟ್ಟವಳು ಹುಲಿಗೆವ್ವ. ಹೊಡೆಯುವ ಗಂಡ, ಹೊಡೆಸಿಕೊಂಡ ಹೆಂಡತಿ. ನ್ಯಾಯಾಲಯಕ್ಕೆ ಕಾರಣ ಹುಡುಕುವ ಕೆಲಸ ಬೀಳಲಿಲ್ಲ. ಎರಡು ತಿಂಗಳ ಬಸುರಿಯಾಗಿ ಒಳಗೆ ಬಂದವಳು ಇಲ್ಲಿಯೇ ಮಗಳನ್ನು ಹೆತ್ತಳು. ಸಾವಂತ್ರಿ. ಕೈದಿಯ ಮಗು ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು, ಆಮೇಲೆ ಹೊರಗೆ ಹೋಗಲೇಬೇಕು. ಸಾವಂತ್ರಿಯನ್ನು ಕರೆದುಕೊಂಡು ಹೋದದ್ದು ಸತ್ತವನ ತಾಯಿ ಬಸಲಿಂಗವ್ವ. ಅದಾಗಿ ಈಗ ಮೂರು ವರ್ಷ.

"ನೀ ಏನರ ನೆನಪ ಮಾಡ್ಕೋಬೇಕಿತ್ತು," ಟೊಪ್ಪಿಗೆ ಬಿಚ್ಚುತ್ತ ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು. "ಪ್ರಶ್ನೆ ಕೇಳೂ ಮುಂದ. ಅವ ಬಿದ್ದಿದ್ದು, ಒದ್ದಾಡಿದ್ದು."

"ನೆನಪ ಮಾಡ್ಕೊಂಡೆನ್ರಿ. ಕೆಟ್ಟ ಅನಸ್ತದ. ನಾಯಿ ಸತ್ರೂ ಕೆಟ್ಟ ಅನಸ್ತದಲ್ರಿ. ಖರೆ ಅಂದ್ರ, ನಾ ಮಾಡೀನಿ ಅಂತ ಅನಸಬೇಕಂತ ಅದಕ್ಕ. ಮಾಡದ್ದು ಹೆಂಗ ಅನಸ್ತದ?"

ಟೊಪ್ಪಿಗೆ ಪೆಟ್ಟಿಗೆಗೆ ಹೋಯಿತು. ಹಿಂದಿನ ವಾರ ಗಂಡನ ತಂಗಿಗೆ ಬೆಂಕಿ ಹಚ್ಚಿದ ಒಬ್ಬಾಕೆ ಅದೇ ಟೊಪ್ಪಿಗೆಯ ಕೆಳಗೆ ಹೋ ಎಂದು ಅತ್ತು, ಎಂಬತ್ತೆರಡು ಪಡೆದು ಮನೆಗೆ ಹೋಗಿದ್ದಳು.

*

ಮನೆಯಲ್ಲಿ ದಾಕ್ಷಾಯಿಣಿಗೆ ಹೊಸದೊಂದು ಚಟ ಹತ್ತಿತ್ತು. ಬೆಳಗ್ಗೆ ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಅಮೆರಿಕದ ಆ ರಾಜ್ಯದ ಶಾಸನಸಭೆಯ ವಿಚಾರಣೆ ನೋಡುತ್ತಿದ್ದಳು. ಅಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಯಂತ್ರವನ್ನು ನಿಲ್ಲಿಸಬೇಕು, ಆ ಹಣವನ್ನು ಬಡ ಬಡಾವಣೆಗಳ ಶಾಲೆಗೆ ಕೊಡಬೇಕು, ಒಂದು ಮಗುವನ್ನು ಓದಿಸುವ ಹಣದ ಹತ್ತು ಪಟ್ಟು ಒಬ್ಬ ಕೈದಿಯ ಮೇಲೆ ಸುರಿಯುವುದು ಯಾವ ನ್ಯಾಯ ಎಂದು ಒಂದು ಪಕ್ಷ. ಅಪರಾಧಿಗಳ ಮೇಲೆ ಕರುಣೆ ತೋರಿಸುವವರಿಗೆ ಮತ ಕೊಡಬೇಡಿ ಎಂದು ಇನ್ನೊಂದು. ಅಲ್ಲಿ ಕಂಪ್ಯೂಟರ್ ನಿಂತರೆ ಮಲ್ಲಾಪುರದ ಮುಳ್ಳೂ ನಿಲ್ಲುತ್ತದೆ, ಮುಖ ನೋಡುವ ಸಮಿತಿ ಮತ್ತೆ ಬರುತ್ತದೆ. ಅಷ್ಟಕ್ಕಾಗಿ ಅವಳು ಗೊತ್ತೇ ಇಲ್ಲದ ಊರಿನ ಮತದಾರರ ಬಗ್ಗೆ ಚಿಂತೆ ಮಾಡುತ್ತಿದ್ದಳು.

"ಯಾರಿಗ ಹಾಕ್ತಿ ಓಟು?" ಗಂಡ ಪ್ರಭು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. "ನಮ್ಮ ವಾರ್ಡಿನ ಮೆಂಬರ್ ಹೆಸರ ಗೊತ್ತಿಲ್ಲ, ಅಮೆರಿಕದ ಗವರ್ನರ್ ಆರಿಸಾಕ ಹೊಂಟಾಳ."

"ಸುಮ್ಮನಿರ್ರಿ ಸ್ವಲ್ಪ. ಕೇಳಸವಲ್ದು."

"ರೊಟ್ಟಿ ಹೊತ್ತಾಕತ್ತದ. ಅದರ ಕೇಳಸ್ತದಿಲ್ಲೋ?"

ರೊಟ್ಟಿ ಮಗುಚಿದಳು. ಪರದೆಯಲ್ಲಿ ಬಿಳಿಗೂದಲಿನ ಶಾಸಕಿಯೊಬ್ಬಳು ಯಂತ್ರ ಕಟ್ಟಿದ ವಿಜ್ಞಾನಿಯನ್ನು ಪ್ರಶ್ನಿಸುತ್ತಿದ್ದಳು.

"ತಪ್ಪೇ ಮಾಡದವರು ನಿಮ್ಮ ಯಂತ್ರದ ಕೆಳಗೆ ಕುಳಿತರೆ ಏನಾಗುತ್ತದೆ?"

"ಅಂಥವರನ್ನು ನ್ಯಾಯಾಲಯ ಮೊದಲೇ ಬಿಟ್ಟಿರುತ್ತದೆ," ಎಂದ ವಿಜ್ಞಾನಿ. ಸಭೆಯಲ್ಲಿ ಯಾರೋ ನಕ್ಕರು. ಅವನು ನಗಲಿಲ್ಲ. ಪಾಪ, ನಂಬಿದ್ದ.

ಶಾಸಕಿ ಬಿಡಲಿಲ್ಲ. "ಕೈಪಿಡಿಯ ನಲವತ್ತೆಂಟನೆಯ ಪುಟದಲ್ಲಿ, ಅಳತೆಯ ವೇಳೆ ಕೈದಿಯ ಕುಟುಂಬದ ಮಾತೆತ್ತಬಾರದು ಎಂದಿದೆ. ಯಾಕೆ?"

ವಿಜ್ಞಾನಿ ನೀರು ಕುಡಿದ. "ಅಗಲಿಕೆಯ ನೋವಿನ ಅಲೆಗೂ ಪಶ್ಚಾತ್ತಾಪದ ಅಲೆಗೂ ಬಹಳ ಹೋಲಿಕೆ ಇದೆ. ನಾವು ಮಾದರಿಗೆ ತೆಗೆದುಕೊಂಡವರೆಲ್ಲ ಗಂಡಸರು. ಅವರಲ್ಲಿ ಅದು ಅಂಥ ತೊಂದರೆ ಕೊಡಲಿಲ್ಲ."

ದಾಕ್ಷಾಯಿಣಿಯ ಕೈಯಲ್ಲಿದ್ದ ಹಿಟ್ಟು ಒಣಗತೊಡಗಿತು. ಆ ಪುಟವನ್ನು ತರಬೇತಿಯಲ್ಲಿ ಅವಳೂ ಓದಿದ್ದಳು, ಕಾರಣ ಕೇಳಿರಲಿಲ್ಲ. ಯಂತ್ರಕ್ಕೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಮಾಡಿದ್ದಕ್ಕೆ ನೋಯುವ ಎದೆ, ಮಗುವಿಗಾಗಿ ಹಂಬಲಿಸುವ ಎದೆ, ಎರಡೂ ಅದಕ್ಕೆ ಒಂದೇ.

"ಏನಾತು?" ಪ್ರಭು ಬಾಗಿಲಿನಿಂದ ತಿರುಗಿ ಕೇಳಿದ. ಅವಳ ಮುಖ ಓದುವುದರಲ್ಲಿ ಅವನಿಗೆ ಹದಿನೆಂಟು ವರ್ಷದ ಅಭ್ಯಾಸ.

"ಏನಿಲ್ಲ."

"ಏನಿಲ್ಲ ಅಂದ್ರ ಏನೋ ಅದ. ನೌಕರಿಗೆ ಕುತ್ತು ಬರೂ ಕೆಲಸ ಅಲ್ಲಲಾ?"

ಅವಳು ಮುಂದಿನ ರೊಟ್ಟಿಯನ್ನು ತವೆಗೆ ಹಾಕಿದಳು. ಅವನು ಇನ್ನೊಂದು ಮಾತು ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಕೇಳದೇ ಇದ್ದದ್ದಕ್ಕೆ ಅವಳಿಗೆ ಇನ್ನಷ್ಟು ಭಯವಾಯಿತು.

*

ಆಮೇಲಿನ ತಿಂಗಳುಗಳಲ್ಲಿ ಅವಳು ಹುಲಿಗೆವ್ವನನ್ನು ದೂರದಿಂದ ನೋಡುತ್ತಿದ್ದಳು. ಹೊಲಿಗೆ ಶೆಡ್ಡಿನಲ್ಲಿ ಆಕೆ ಆಸ್ಪತ್ರೆಯ ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಳೆಯ ಪತ್ರಿಕೆಯ ತುಂಡನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ಮದುವೆ ಮಂಟಪದ ಜಾಹೀರಾತು, ಕಾಣೆಯಾದವರ ಸುದ್ದಿ, ಯಾವುದಾದರೂ ಸರಿ.

"ಸಾವಂತ್ರಿ ಬಂದಿದ್ಲೇನು?" ಒಂದು ದಿನ ದಾಕ್ಷಾಯಿಣಿ ಕೇಳಿದಳು.

"ಹದಿನಾಕ ತಿಂಗಳಾತ್ರಿ. ಮುದುಕಿಗೆ ಮೊಣಕಾಲ ಬ್ಯಾನಿ, ಎರಡ ಬಸ್ಸ ಬದ್ಲಿ ಮಾಡಿ ಬರಬೇಕ. ನಾ ಏನ ಅನ್ಲಿ? ಮಗನ್ನ ಕಳಕೊಂಡಾಕಿ. ಹುಡುಗಿಗೆ ಊಟಾ ಹಾಕ್ತಾಳ, ಸಾಲಿಗೆ ಕಳಸ್ತಾಳ." ಹುಲಿಗೆವ್ವ ದಾರ ಕಡಿದಳು. "ಹಲ್ಲ ಬಿದ್ದಿದ್ವು ಹೋದ ಸಲ ಬಂದಾಗ. ಈಗ ಬಂದಿರಬೇಕಲ್ರಿ? ದೊಡ್ಡ ಹಲ್ಲ ಬಂದ್ರ ಮಾರಿನ ಬ್ಯಾರೆ ಆಗ್ತದಂತ. ನೋಡಿದ್ರ ಗುರ್ತ ಸಿಗ್ತದಿಲ್ಲೋ."

ಅಂದು ದಾಕ್ಷಾಯಿಣಿ ತೀರ್ಮಾನ ಮಾಡಿಬಿಟ್ಟಳು. ಹುಲಿಗೆವ್ವನಿಗೆ ಹೇಳಲಿಲ್ಲ. ಮೊದಲೇ ಗೊತ್ತಾದರೆ ಅಲೆ ಸುಳ್ಳಾಗುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಹೇಳದೇ ಮಾಡುವುದು ಮೋಸ ಎನ್ನುವುದೂ ಅವಳಿಗೆ ಗೊತ್ತಿತ್ತು.

ಮೂರನೆಯ ಅಳತೆಯ ದಿನ ಸೂಪರಿಂಟೆಂಡೆಂಟ್ ಹಂಚಿನಾಳ ಸಾಹೇಬರೇ ಬಂದು ಮೂಲೆಯಲ್ಲಿ ಕುಳಿತರು. ಕೊನೆಯ ಅವಕಾಶಕ್ಕೆ ಅಧಿಕಾರಿಯೊಬ್ಬರು ಸಾಕ್ಷಿಯಾಗಿ ಇರಬೇಕೆಂಬ ನಿಯಮ. ನಿವೃತ್ತಿಗೆ ಹತ್ತಿರವಾದ, ಬೊಜ್ಜಿನ, ಸದಾ ಬೆವರೊರೆಸಿಕೊಳ್ಳುವ ಮನುಷ್ಯ. ಬಿಡುಗಡೆಯ ಒಂದು ಫಾರಮ್ಮು, ಇಂಕ್‌ಪ್ಯಾಡು ಜೊತೆಗೆ ತಂದಿದ್ದರು, ತಂದು ತಂದು ರೂಢಿಯಾಗಿತ್ತು.

ಟೊಪ್ಪಿಗೆ ತೊಡಿಸಿದ್ದಾಯಿತು. ದಾಕ್ಷಾಯಿಣಿ ನಿಗದಿಯಾದ ಪ್ರಶ್ನೆಗಳನ್ನು ಓದಿದಳು. ಗಂಡ ಸತ್ತ ದಿನದ ನೆನಪೇನು? ಸತ್ತವನಿಗೆ ನೀನು ಏನು ಹೇಳಬಯಸುತ್ತೀಯೆ? ಹುಲಿಗೆವ್ವ ಸಮಾಧಾನವಾಗಿ ಉತ್ತರ ಹೇಳಿದಳು. ಮುಳ್ಳು ಒಂಬತ್ತರಲ್ಲಿ ತೂಗಾಡಿತು. ಸಾಹೇಬರು ಇಂಕ್‌ಪ್ಯಾಡಿನ ಮುಚ್ಚಳ ಹಾಕಿದರು.

ದಾಕ್ಷಾಯಿಣಿ ಪ್ರಶ್ನೆಯ ಹಾಳೆಯನ್ನು ಮಗುಚಿಟ್ಟಳು. ಶಾಲೆಯಲ್ಲಿ ದಿನವೂ ಪಾಠಕ್ಕೆ ಮೊದಲು ಅವಳು ಹಾಜರಿ ಕೂಗುತ್ತಿದ್ದಳು. ತೊಡೆಯ ಮೇಲಿನ ಮಕ್ಕಳ ಹೆಸರನ್ನೂ ಕೂಗಬೇಕೆಂದು ಹೆಂಗಸರೇ ಹಟ ಹಿಡಿದು, ಹೆಂಗಸರ ಪಟ್ಟಿಯ ಕೊನೆಗೆ, ಮಕ್ಕಳಲ್ಲಿ ಮೊದಲಿಗೆ, ಸಾವಂತ್ರಿಯ ಹೆಸರು ಸೇರಿತ್ತು, ಇಪ್ಪತ್ತಮೂರನೆಯದು. ಮಗು ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ, "ಹಾಜರ್ ರೀ ಅಕ್ಕೋರ" ಎನ್ನುತ್ತಿತ್ತು. ಮಗುವನ್ನು ಕಳಿಸಿದ ಮರುದಿನ ದಾಕ್ಷಾಯಿಣಿ ರೂಢಿಯಲ್ಲಿ ಆ ಹೆಸರನ್ನೂ ಕೂಗಿಬಿಟ್ಟಿದ್ದಳು. ಹಿಂದಿನ ಸಾಲಿನಿಂದ ಹುಲಿಗೆವ್ವನೇ, "ಹೋಗ್ಯಾಳ್ರಿ ಅಕ್ಕೋರ" ಎಂದಿದ್ದಳು. ಆ ತಪ್ಪಿಗಾಗಿ ದಾಕ್ಷಾಯಿಣಿ ಎಷ್ಟೋ ದಿನ ತನ್ನನ್ನು ತಾನು ಬೈದುಕೊಂಡಿದ್ದಳು. ಇವತ್ತು ಅದೇ ತಪ್ಪನ್ನು ಬೇಕೆಂದೇ ಮಾಡಬೇಕು.

"ಗಂಗವ್ವ," ಎಂದಳು. ಹುಲಿಗೆವ್ವ ಅರ್ಥವಾಗದೆ ನೋಡಿದಳು. "ಪಾರ್ವತೆವ್ವ. ಮಾಬೂಬಿ. ದುರಗವ್ವ." ಹೆಸರುಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. "ಇಪ್ಪತ್ತೆರಡು, ಹುಲಿಗೆವ್ವ."

"ಹಾಜರ್ ರೀ," ಎಂದಳು ಹುಲಿಗೆವ್ವ, ನಗುತ್ತ.

"ಇಪ್ಪತ್ತಮೂರು. ಸಾವಂತ್ರಿ."

ಹುಲಿಗೆವ್ವನ ನಗು ಮುಖದಲ್ಲಿಯೇ ನಿಂತು, ನಿಧಾನವಾಗಿ ಬೇರೆ ಏನೋ ಆಯಿತು.

"ಅವತ್ತ ನೀ ಗೇಟಿಗೆ ಬರಲಿಲ್ಲ," ದಾಕ್ಷಾಯಿಣಿ ಹೇಳಿದಳು. ತನ್ನ ದನಿ ತನಗೇ ಕಟುವಾಗಿ ಕೇಳಿತು. "ಅಕಿ ನನ್ನ ಕೈ ಹಿಡಕೊಂಡು ತಿರುಗಿ ತಿರುಗಿ ನೋಡಿದ್ಲು."

"ನೀರಿನ ಟಾಕಿ ಹಿಂದ ಇದ್ದೆನ್ರಿ." ಹುಲಿಗೆವ್ವ ಕುರ್ಚಿಯ ತೋಳನ್ನು ಹಿಡಿದುಕೊಂಡಳು. "ಬಂದಿದ್ರ ಬಿಡ್ತಿರ್ಲಿಲ್ಲ. ಕಚ್ಚಿ ಹಿಡಕೊಂತಿದ್ದೆ. ಅದಕ್ಕ ಬರ್ಲಿಲ್ಲ. ಒಂದ ಸಲ ಮಾರಿ ತೋರಿಸಿದ್ರ ಆಗ್ತಿತ್ತು. ಕೂಸು ಏನ ತಿಳಕೊಂಡ್ತೋ ಏನೋ. ಅವ್ವಗ ನಾ ಬ್ಯಾಡಾದೆ ಅಂತ ತಿಳಕೊಂಡ್ತೋ ಏನೋ."

ಹನ್ನೊಂದು ಸೆಕೆಂಡು. ಮುಳ್ಳು ಎದ್ದಿತು. ಮೂವತ್ತು, ಐವತ್ತು, ಅರವತ್ತನ್ನು ದಾಟಿ ಎಪ್ಪತ್ತನಾಲ್ಕರಲ್ಲಿ ನಿಂತಿತು.

ಹಂಚಿನಾಳ ಸಾಹೇಬರು ದಾಕ್ಷಾಯಿಣಿಯನ್ನು ದಿಟ್ಟಿಸಿ ನೋಡಿದರು. ಅವರೂ ಕೈಪಿಡಿ ಓದಿದವರೇ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಇಂಕ್‌ಪ್ಯಾಡಿನ ಮುಚ್ಚಳ ಮತ್ತೆ ತೆಗೆದರು.

"ಎಪ್ಪತ್ತನಾಕು. ಬಿಡುಗಡೆ ಆತು ನೋಡವಾ ತಂಗಿ. ಹೆಬ್ಬಟ್ಟ ಒತ್ತು."

ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಡುಗಡೀ ಅಂದ್ರ... ಯಾವಾಗ್ರಿ?"

"ಸಂಜಿಗೇ."

"ಸಂಜಿಗೇ," ಎಂದು ಅವಳು ಆ ಮಾತನ್ನು ಬಾಯಲ್ಲಿ ಇಟ್ಟು ನೋಡಿದಳು. ಆಮೇಲೆ, "ಹೆಬ್ಬಟ್ಟ ಬ್ಯಾಡ್ರಿ ಸಾಹೇಬ್ರ. ಸಹಿ ಮಾಡ್ತೀನಿ. ಕೊಡ್ರಿ, ಓದ್ತೀನಿ."

ಫಾರಮ್ಮಿನಲ್ಲಿ ಏನಿದೆಯೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಇಲ್ಲಿಯವರೆಗೆ ಬಿಡುಗಡೆಯಾದವರೆಲ್ಲ ಅಳುತ್ತಲೋ ನಗುತ್ತಲೋ ಅದನ್ನು ನೋಡದೇ ಒತ್ತಿ ಹೋಗಿದ್ದರು. ಇವಳೂ ಹಾಗೆಯೇ ಮಾಡಿಬಿಡುತ್ತಾಳೆ ಎಂದು ಅವಳು ಆಸೆಪಟ್ಟಿದ್ದಳು.

ಹುಲಿಗೆವ್ವ ಅಕ್ಷರದ ಕೆಳಗೆ ಬೆರಳಿಟ್ಟು ಮೆಲುದನಿಯಲ್ಲಿ ಓದಿದಳು. "ಹುಲಿಗೆವ್ವ ಎಂಬ ನಾನು... ನನ್ನ ಪತಿಗೆ ವಿಷವಿಕ್ಕಿ... ಕೊಂದಿರುವುದನ್ನು ಒಪ್ಪಿಕೊಂಡು..." ಬೆರಳು ನಿಂತಿತು. ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೊಮ್ಮೆ ಓದಿದಳು.

"ಇದೊಂದ ಸಾಲು ಹೊಡದು ಹಾಕಿ, ಉಳದಿದ್ದಕ್ಕ ಸಹಿ ಮಾಡ್ಲೇನ್ರಿ?"

"ಛಾಪಿಸಿದ ಫಾರಮ್ ಅದವಾ. ಒಂದ ಅಕ್ಷರ ಮುಟ್ಟಾಕ ಬರಾಂಗಿಲ್ಲ."

"ಹಂಗಾರ ಬ್ಯಾಡ್ರಿ."

"ಹುಲಿಗೆವ್ವ," ದಾಕ್ಷಾಯಿಣಿ ಎದ್ದು ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದಳು. "ಬರೇ ಕಾಗದ ಅದು. ಸಹಿ ಮಾಡಿ ಹೋಗು. ಹೊರಗ ಯಾರೂ ಕೇಳೂದಿಲ್ಲ. ಸಂಜಿಗೆ ಅಕಿ ಮಾರಿ ನೋಡ್ತಿ. ಹಲ್ಲ ಬಂದಾವೋ ಇಲ್ಲೋ ನೋಡ್ತಿ."

ಹುಲಿಗೆವ್ವ ಕಣ್ಣು ಮುಚ್ಚಿದಳು. ಅವಳು ಮನಸ್ಸಿನಲ್ಲಿ ಎರಡು ಬಸ್ಸು ಬದಲಿಸಿ, ಊರ ದಾರಿ ಹಿಡಿದು, ಬಾಗಿಲವರೆಗೂ ಹೋಗಿಬಂದಳೆಂದು ದಾಕ್ಷಾಯಿಣಿಗೆ ಅನಿಸಿತು.

"ಅಕಿ ಕೇಳ್ತಾಳ್ರಿ," ಎಂದಳು ಕಡೆಗೆ. "ಈಗ ನಾಕನೇತ್ತೆ ಇದ್ದಾಳ. ನಾಳೆ ದೊಡ್ಡಾಕಿ ಆಗಿ ಇದನ್ನ ಎಲ್ಲೆರ ಓದ್ತಾಳ. ನಮ್ಮಪ್ಪನ್ನ ನಮ್ಮವ್ವ ಕೊಂದಾಳ, ತಾನ ಬರದ ಕೊಟ್ಟಾಳ ಅಂತ ತಿಳೀತದ. ಆಮ್ಯಾಲೆ ನಾ ಮಗ್ಗಲದಾಗ ಕುಂತು ಅಲ್ಲ ಅಂದ್ರ ನಂಬತಾಳೇನ್ರಿ?" ಫಾರಮ್ಮನ್ನು ತೊಡೆಯ ಮೇಲೆ ನೇರ ಮಾಡಿದಳು. "ಓದಾಕ ಬರ್ದಿದ್ರ ಒತ್ತಿಬಿಡ್ತಿದ್ದೆ. ನೀವು ಕಲಿಸಿಬಿಟ್ರಿ."

ದೂರಿನ ದನಿಯಿರಲಿಲ್ಲ. ಅದಕ್ಕೇ ದಾಕ್ಷಾಯಿಣಿ ಅವಳ ಕಣ್ಣು ನೋಡಲಾರದೆ ನೆಲ ನೋಡಿದಳು. ಸಹಿಯಿಲ್ಲದಿದ್ದರೆ ಮೂರನೆಯದೂ ಬಿದ್ದ ಲೆಕ್ಕವೇ. ಇನ್ನು ಹತ್ತು ವರ್ಷ. ಸಾವಂತ್ರಿಗೆ ಹತ್ತೊಂಬತ್ತಾಗಿರುತ್ತದೆ.

"ಸಾಹೇಬ್ರ, ಈ ಕಾಗದ ಏನ ಮಾಡ್ತೀರಿ?" ಹುಲಿಗೆವ್ವ ಕೇಳಿದಳು.

"ಸಹಿ ಇಲ್ಲದ್ದು ಹರದ ಹಾಕಬೇಕು."

"ಹಿಂದಿನ ಮಗ್ಗಲ ಖಾಲಿ ಐತ್ರಿ. ಮಗಳಿಗೆ ನಾಕ ಮಾತ ಬರೀತೀನಿ. ಎರಡೂ ಮಗ್ಗಲ ಓದ್ಲಿ ಅಕಿ."

ಹಂಚಿನಾಳ ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿ, "ಬಾಯಾರ, ನಾ ಚಹಾ ಕುಡದ ಬರ್ತೀನಿ. ಅಷ್ಟರಾಗ ಅದನ್ನ ಹರದ ಹಾಕಿರಬೇಕು ನೀವು," ಎಂದು, ತಮ್ಮ ಪೆನ್ನನ್ನು ಮೇಜಿನ ಮೇಲೆ ಮರೆತವರಂತೆ ಬಿಟ್ಟು ಹೊರಗೆ ಹೋದರು.

*

ಆ ದಿನದ ಅಳತೆಯ ಷರಾ ಕಾಲಮ್ಮಿನಲ್ಲಿ ದಾಕ್ಷಾಯಿಣಿ ನಡೆದದ್ದನ್ನು ನಡೆದಂತೆ ಬರೆದಳು. ಪುಟ ನಲವತ್ತೆಂಟನ್ನು ತಾನು ಮೀರಿದ್ದು, ಮುಳ್ಳನ್ನು ಎಬ್ಬಿಸಿದ್ದು ಪಶ್ಚಾತ್ತಾಪವಲ್ಲ, ಮಗುವಿನ ಹಂಬಲ ಎಂಬುದು. ಅದರ ಪ್ರತಿಯನ್ನು ಆ ಬಿಳಿಗೂದಲಿನ ಶಾಸಕಿಯ ಕಚೇರಿಗೂ ಕಳಿಸಿದಳು. ಅಮಾನತಿನ ಆದೇಶ ನಾಲ್ಕನೆಯ ದಿನ ಬಂತು. ಪ್ರಭು ಅದನ್ನು ಎರಡು ಸಲ ಓದಿ, "ಛಲೋ ಆತು, ಇನ್ನ ರೊಟ್ಟಿ ಹೊತ್ತಾಂಗಿಲ್ಲ," ಎಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಬ್ಬನೇ ಕುಳಿತಿದ್ದ. ಅಮೆರಿಕದಿಂದ ಎರಡು ಸಾಲಿನ ಉತ್ತರ ಬಂತು: ನಿಮ್ಮ ವರದಿ ವಿಚಾರಣೆಯ ದಾಖಲೆಗೆ ಸೇರಿದೆ, ಮತದಾನವನ್ನು ಚುನಾವಣೆಯ ನಂತರಕ್ಕೆ ಮುಂದೂಡಲಾಗಿದೆ.

ಮುಂದಿನ ಸೋಮವಾರ ಅವಳು ಎರಡು ಬಸ್ಸು ಬದಲಿಸಿ ಬಸಲಿಂಗವ್ವನ ಊರಿಗೆ ಹೋದಳು. ಶಾಲೆ ಬಿಡುವ ಹೊತ್ತು. ಕಟ್ಟೆಯ ಮೇಲೆ ಮುದುಕಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಜೈಲಿನಿಂದ ಬಂದವರೆಂದು ತಿಳಿದು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚೀಲ ಹೊತ್ತು ಬಂದ ಹುಡುಗಿ ದಾಕ್ಷಾಯಿಣಿಯನ್ನು ಕಂಡು ದೂರದಲ್ಲಿಯೇ ನಿಂತಳು. ಮುಂದಿನ ಎರಡು ಹಲ್ಲು ಬಂದಿದ್ದವು, ಉಳಿದ ಮುಖಕ್ಕಿಂತ ದೊಡ್ಡವಾಗಿ.

"ಅಕ್ಕೋರ," ಎಂದಳು ಆಮೇಲೆ, ತನಗೇ ಖಾತ್ರಿಯಿಲ್ಲದವಳಂತೆ.

ದಾಕ್ಷಾಯಿಣಿ ಕಾಗದ ಕೊಟ್ಟಳು. ಹುಡುಗಿ ಮೊದಲು ಅಚ್ಚಾದ ಮಗ್ಗುಲನ್ನು ಓದಿದಳು, ತುಟಿ ಅಲುಗಿಸುತ್ತ. ಅರ್ಥವಾಗದ ಶಬ್ದಗಳ ಮೇಲೆ ಹುಬ್ಬು ಗಂಟಾಯಿತು, ಅರ್ಥವಾದ ಒಂದು ಶಬ್ದದ ಮೇಲೆ ತುಟಿ ಗಕ್ಕನೆ ನಿಂತಿತು. ಕೆಳಗೆ ಸಹಿಯ ಜಾಗ ಖಾಲಿಯಿತ್ತು. ಅದನ್ನು ನೋಡಿದಳು. ಆಮೇಲೆ ಕಾಗದ ತಿರುಗಿಸಿದಳು. ಅಲ್ಲಿ ತಾಯಿಯ ದಪ್ಪ ದಪ್ಪ ಅಕ್ಷರಗಳಲ್ಲಿ ಇದ್ದದ್ದು ಇಷ್ಟೇ: ಸಾವಂತ್ರಿ, ನಾ ಟಾಕಿ ಹಿಂದ ಇದ್ದೆ. ನಿನ್ನ ನೋಡಾಕತ್ತಿದ್ದೆ. ಇದಕ್ಕ ಸಹಿ ಮಾಡಿದ್ರ ಬಿಡತಿದ್ರು. ನಾ ಮಾಡಿಲ್ಲ. ಅದಕ್ಕ ಇನ್ನೂ ಬಂದಿಲ್ಲ.

"ಏನ್ ಬರದಾಳಬೇ?" ಬಸಲಿಂಗವ್ವ ಎಣ್ಣೆಯ ಕೈ ನಿಲ್ಲಿಸಿ ಕೇಳಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. "ಜೋರ ಓದು, ನಾನೂ ಕೇಳ್ತೀನಿ."

ಹುಡುಗಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಕಿಸೆಯಲ್ಲಿ ಇಟ್ಟು, ಮೇಲಿನಿಂದ ಅಂಗೈ ಒತ್ತಿ ಹಿಡಿದಳು.

"ನನಗ ಬರದಾಳ, ಯಜ್ಜಿ," ಎಂದಳು.